ಅಚ್ಚಿನ ತಪ್ಪು, ಕೈಯ ತಪ್ಪು

ಚಿಕ್ಕೋಡಿಯ ಕಿರಾಣಿ ಅಂಗಡಿಯವರೊಬ್ಬರು ವಾರಕ್ಕೊಮ್ಮೆ ತಾವು ಕಾಗದದಲ್ಲಿ ಸುತ್ತಿಟ್ಟ ಚಿಲ್ಲರೆಯ ಸುರುಳಿಗಳನ್ನು ನನಗೆ ಕೊಡುತ್ತಾರೆ. ನೋಟು ಕೊಟ್ಟು ಅವನ್ನು ಮನೆಗೆ ತಂದು, ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡಿ, ಮರುವಾರ ತಿರುಗಿ ಒಪ್ಪಿಸುತ್ತೇನೆ. “ರೊಕ್ಕದಾಗ ಏನ್ ಹುಡುಕತೀರಿ ಸರ?” ಎಂದು ಅವರೊಮ್ಮೆ ಕೇಳಿದರು. ತಪ್ಪನ್ನು ಹುಡುಕುತ್ತೇನೆ ಎಂದರೆ, ಮೇಷ್ಟರ ಚಟ ಎಂದು ನಕ್ಕಾರೆಂದು ಸುಮ್ಮನಾದೆ.

ಆದರೆ ಇದು ಎಂತಹ ತಪ್ಪು ಎಂಬುದನ್ನು ವಾಚಕರಿಗೆ ಹೇಳಬೇಕು. ಯಂತ್ರದ ಟಂಕಸಾಲೆಯಲ್ಲಿ ತಾಯಚ್ಚನ್ನು ಉಕ್ಕಿನ ಮೇಲೆ ಒತ್ತಿ ನಾಣ್ಯದ ಅಚ್ಚನ್ನು ತಯಾರಿಸುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಅಚ್ಚನ್ನು ಕಾಯಿಸಿ ಮೆದುಮಾಡಿ ಮತ್ತೊಮ್ಮೆ ಒತ್ತಬೇಕಾಗುತ್ತಿತ್ತು. ಎರಡನೆಯ ಸಲ ಕೂದಲೆಳೆಯಷ್ಟು ಜರುಗಿತೋ, ಅಕ್ಷರಗಳು ಜೋಡಿಯಾಗುತ್ತವೆ. ಆ ಅಚ್ಚಿನಿಂದ ಹೊರಟ ಪ್ರತಿಯೊಂದು ನಾಣ್ಯವೂ ಅದೇ ಜೋಡಿಯನ್ನು ಹೊತ್ತು ಬರುತ್ತದೆ. 1955ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಹೀಗಾಗಿ, ಇಂತಹ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೆಂಟುಗಳು ಪೇಟೆಗೆ ಇಳಿದುವು. ಅವುಗಳಲ್ಲಿ ಅನೇಕವು ಸಿಗರೇಟು ಮಾರುವ ಯಂತ್ರಗಳಲ್ಲಿ, ಪೊಟ್ಟಣದೊಡನೆ ಬರುವ ಚಿಲ್ಲರೆಯಾಗಿ ಜನರ ಕೈ ಸೇರಿದುವಂತೆ. ನಿಪ್ಪಾಣಿಯ ತಂಬಾಕಿನ ವರ್ತಕರಿಗೆ ಈ ಕತೆ ಹೇಳಿದರೆ ಬಹಳ ಖುಷಿಪಡುತ್ತಾರೆ.

ನಮ್ಮ ಸೀಮೆಯ ಹಳೆಯ ತಾಮ್ರದ ದುಡ್ಡು ಶಿವರಾಯಿ. ಒಂದು ಬದಿಗೆ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಗೆ ‘ಛತ್ರಪತಿ’ ಎಂದು ನಾಗರಿಯಲ್ಲಿರುತ್ತದೆ. 1674ರ ಪಟ್ಟಾಭಿಷೇಕದಿಂದ ಮೊದಲಾದ ಈ ದುಡ್ಡು ಪೇಶವೆಗಳ ಕಾಲವನ್ನೂ ದಾಟಿ ಚಲಾವಣೆಯಲ್ಲಿತ್ತು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯರು, ಕಾಗವಾಡದ ಕಡೆಗೆ ಪಟವರ್ಧನರು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಒಡೆಯರು ಬೇರೆಯಾದರೂ ಸಂತೆಯ ದುಡ್ಡು ಒಂದೇ. ಹೆಚ್ಚಿನವುಗಳ ಮೇಲೆ ಇಸವಿಯಿಲ್ಲ, ಊರಿನ ಹೆಸರಿಲ್ಲ.

ಅಥಣಿಯಲ್ಲಿ ನನಗೊಂದು ಶಿವರಾಯಿ ಸಿಕ್ಕಿತು. ‘ಶಿವ’ ಎರಡೆರಡಾಗಿ ಕಾಣುತ್ತಿತ್ತು. ಅಮೆರಿಕೆಯ ಸೆಂಟೇ ಸಿಕ್ಕಿತೆಂಬ ಹಿಗ್ಗಿನಲ್ಲಿ ನಾಣ್ಯ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ನಕ್ಕು, “ಇದು ಅಚ್ಚಿನ ತಪ್ಪಲ್ಲ, ಕೈಯ ತಪ್ಪು” ಎಂದರು. ಶಿವರಾಯಿಗೆ ತಾಯಚ್ಚೆಲ್ಲಿ! ಅಚ್ಚನ್ನು ಕೈಯಿಂದಲೇ ಕೊರೆದು, ಸುತ್ತಿಗೆಯಿಂದ ಹೊಡೆದು ಮಾಡಿದ ದುಡ್ಡು ಅದು. ಎರಡು ಪೆಟ್ಟುಗಳ ನಡುವೆ ಬಿಲ್ಲೆ ಜರುಗಿದೆ, ಅಷ್ಟೆ. ಆ ತಪ್ಪು ಆ ಒಂದೇ ದುಡ್ಡಿನದು. ಆಮೇಲೆ ಅವರು ‘ರಾಜಾ’ದ ಪಕ್ಕದಲ್ಲಿದ್ದ, ನಾನು ಲಕ್ಷ್ಯಕ್ಕೇ ತಂದುಕೊಳ್ಳದ ಒಂದು ಓರೆ ಗೆರೆಯನ್ನು ತೋರಿಸಿದರು. ಅಚ್ಚು ಬಿರಿತದ್ದರ ಗುರುತು. ಇದೇ ಗೆರೆ ಬೇರೊಂದರಲ್ಲಿ ಕಂಡರೆ ಎರಡೂ ಒಂದೇ ಅಚ್ಚಿನ ಮಕ್ಕಳು.

ಕನ್ನಡ ಮೇಷ್ಟರಾದ ನನಗೆ ಇದನ್ನು ಹೊರಗಿನವರು ಹೇಳಬೇಕಾಯಿತಲ್ಲ! ಓಲೆಗರಿಯ ಪ್ರತಿಗಳ ಸಂಬಂಧವನ್ನು ನಾವು ಗೊತ್ತುಮಾಡುವುದು ಹೀಗೆಯೇ. ಲಿಪಿಕಾರನೊಬ್ಬನ ಕಣ್ಣು ತಪ್ಪಿದರೆ ಅದು ಅವನದು. ಅದೇ ವಿಲಕ್ಷಣ ಸ್ಖಾಲಿತ್ಯ ಎರಡು ಪ್ರತಿಗಳಲ್ಲಿದ್ದರೆ ಮೂಲ ಒಂದೇ ಎಂದು ಊಹಿಸುತ್ತೇವೆ. ಸರಿಯಾದ ಪಾಠ ಎಲ್ಲರದೂ ಆಗಬಹುದು. ನಂಟನ್ನು ಹೇಳುವುದು ತಪ್ಪು.

ಆ ಗೆರೆಯನ್ನು ನಾನು ಹಿಂದೆಲ್ಲೋ ಕಂಡಿದ್ದೆ. ರಾಯಬಾಗದ ತಾಮ್ರದ ಪಾತ್ರೆ ಮಾಡುವವರೊಬ್ಬರ ಅಂಗಡಿಯ ರಾಶಿಯಲ್ಲಿ, ಅಕ್ಷರ ಜೋಡಿಯಾಗಿಲ್ಲವೆಂದು ಕೈಯಾರೆ ಬದಿಗಿಟ್ಟಿದ್ದೆನಲ್ಲ, ಅದರಲ್ಲಿ! ಮರುದಿನವೇ ಹೋದೆ. ಅಂಗಡಿಯವರು ಮೂಲೆಯಲ್ಲಿದ್ದ ಹೊಸ ಕೊಡವೊಂದನ್ನು ತೋರಿಸಿ, “ಕರಗಿಸೇವ್ರೀ” ಎಂದರು.