ಏರಿಯ ಹೊಣೆ ಮತ್ತು ಮನೆತನದ ಪಾಲು: ಗರುಡಾಚಾರ್‌ಪಾಳ್ಯ ಪರಿಸರದ ಕೆರೆಗಳನ್ನು ಕುರಿತು

ಬೆಂಗಳೂರಿನ ಪೂರ್ವಕ್ಕೆ ಕೃಷ್ಣರಾಜಪುರ, ಹೂಡಿ, ಮಹದೇವಪುರಗಳ ನಡುವೆ ಇರುವ ಗರುಡಾಚಾರ್‌ಪಾಳ್ಯ ಇಂದು ಕಾರ್ಖಾನೆ, ವಸತಿ ಸಮುಚ್ಚಯಗಳ ಪ್ರದೇಶ. 2023ರಲ್ಲಿ ಇಲ್ಲಿ ಮೆಟ್ರೊ ನಿಲ್ದಾಣವೂ ಆರಂಭವಾಯಿತು. ಆದರೆ ಈ ನೆಲದ ಹಳೆಯ ಬದುಕು ಕೆರೆಯನ್ನು ನಂಬಿಕೊಂಡದ್ದು. ಬತ್ತದ ನದಿಯಿಲ್ಲದ ಈ ಏರುತಗ್ಗಿನ ಸೀಮೆಯಲ್ಲಿ ಮಳೆನೀರನ್ನು ತಡೆದು ನಿಲ್ಲಿಸುವುದೊಂದೇ ಬೇಸಾಯದ ದಾರಿಯಾಗಿತ್ತು. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವ ಈ ಸರಪಳಿಯಲ್ಲಿ ಒಂದು ಏರಿ ಒಡೆದರೆ ಅದರ ಪೆಟ್ಟು ಕೆಳಗಿನ ಊರುಗಳಿಗೂ ತಟ್ಟುತ್ತಿತ್ತು. ಆದುದರಿಂದ ಹಳೆಯ ಏರಿಯ ದುರಸ್ತಿಗೆ ಯಾವ ಮನೆ ಎಷ್ಟು ಕೊಡಬೇಕು ಎಂಬ ಪ್ರಶ್ನೆ ಒಂದೂರಿನ ಲೆಕ್ಕಾಚಾರಕ್ಕೆ ಮಾತ್ರ ಸೀಮಿತವಾದುದಲ್ಲ.

ಈ ಭಾಗದ ಶಾಸನಗಳು ಕೆರೆಯ ಕೆಲಸವನ್ನು ಮನೆತನದ ಹೆಸರಿನೊಡನೆಯೇ ದಾಖಲಿಸುತ್ತವೆ. ಅಗರದಲ್ಲಿ ದೊರೆತ 9ನೆಯ ಶತಮಾನದ ಗಂಗರ ಕಾಲದ ಶಾಸನದ ಪ್ರಕಾರ ಇರುಗಮಯ್ಯನ ಮಗ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬು ಇರಿಸಿ, ಮೂಡಣ ಕೆರೆಯನ್ನು ಕಟ್ಟಿಸಿ ಬಿತ್ತುವಟ್ಟವನ್ನು ಪಡೆದನು. ಇಲ್ಲಿ ‘ಪಡೆದನು’ ಎಂಬ ಮಾತು ಮುಖ್ಯ. ಬಿತ್ತುವಟ್ಟವೆಂದರೆ ಕೆರೆಯ ನಿರ್ಮಾಣ, ಪಾಲನೆಗಳಿಗಾಗಿ ಬಿಟ್ಟ ಭೂಮಿ ಅಥವಾ ಫಸಲಿನ ಪಾಲು. ಗರುಡಾಚಾರ್‌ಪಾಳ್ಯಕ್ಕೆ ದೂರವಲ್ಲದ ವಿಭೂತಿಪುರದ 1307ರ ತಮಿಳು ಶಾಸನ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಸಮಮಾಡಿ, ಊರನ್ನೂ ಕೆರೆಯನ್ನೂ ಒಟ್ಟಿಗೆ ಕಟ್ಟಿದ ಸಂಗತಿಯನ್ನು ಅದು ಹೇಳುತ್ತದೆ. ಊರು ಮೊದಲೋ ಕೆರೆ ಮೊದಲೋ ಎಂದು ಬೇರ್ಪಡಿಸಲು ಈ ನೆಲದಲ್ಲಿ ಸಾಧ್ಯವಿಲ್ಲ.

ಕಟ್ಟಿಸುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. ಹೊಸ ಕೆರೆಗೆ ದಾನಿ ಸಿಗುತ್ತಾನೆ. ಅವನ ಹೆಸರೂ ಉಳಿಯುತ್ತದೆ. 19ನೆಯ ಶತಮಾನದ ವೀಳ್ಯದೆಲೆ ವ್ಯಾಪಾರಿ ಎಲೆ ಮಲ್ಲಪ್ಪ ಶೆಟ್ಟರ ಹೆಸರು ಕೃಷ್ಣರಾಜಪುರದ ಬಳಿಯ ಕೆರೆಗೆ ಅಂಟಿ ಉಳಿದಿರುವುದೇ ಇದಕ್ಕೆ ನಿದರ್ಶನ. ಆದರೆ ವರ್ಷ ವರ್ಷ ಏರಿಗೆ ಮಣ್ಣು ಹಾಕಿದವನ, ಇಲಿಬಿಲ ಮುಚ್ಚಿದವನ, ಏರಿಯ ಮೇಲೆ ಬೇರುಬಿಟ್ಟ ಗಿಡ ಕಿತ್ತವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಕೀರ್ತಿ ತಾರದ ಈ ಕೆಲಸವನ್ನು ಮನೆತನಗಳಿಗೆ ಕಟ್ಟಿಹಾಕಿದ್ದು ಭೂಮಿಯ ಹಕ್ಕು. ಕೆರೆಯನ್ನು ಕಟ್ಟಿದ ಅಥವಾ ದುರಸ್ತಿ ಮಾಡಿಸಿದ ಮನೆಗೆ, ಮುಂದೆಯೂ ಅದನ್ನು ಸುಸ್ಥಿತಿಯಲ್ಲಿಡಬೇಕೆಂಬ ಷರತ್ತಿನ ಮೇಲೆ ಕೆರೆಯ ಕೆಳಗಿನ ಗದ್ದೆಯನ್ನು ಮಾನ್ಯವಾಗಿ ಬಿಡುತ್ತಿದ್ದರು. ಇದೇ ಕಟ್ಟುಕೊಡಗೆ. ಕೋಲಾರ ಸೀಮೆಯಲ್ಲಿ ದಸವಂದವೆಂಬ ಹೆಸರು ಹೆಚ್ಚು ಬಳಕೆಯಲ್ಲಿತ್ತು. ಗದ್ದೆ ತಂದೆಯಿಂದ ಮಗನಿಗೆ ಬಂದಂತೆ ಏರಿಯ ಹೊಣೆಯೂ ಬರುತ್ತಿತ್ತು. ಮನೆ ಪಾಲಾದಾಗ ಹೊಣೆಯೂ ಪಾಲಾಗುತ್ತಿತ್ತು.

ಮನೆತನ ತೆರುವ ಬೆಲೆಯ ಇನ್ನೊಂದು ಮುಖವನ್ನು ಜನಪದರು ಮರೆತಿಲ್ಲ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಬಲಿಯಾಗುವವಳು ಕಿರಿಸೊಸೆ ಭಾಗೀರತಿ. ಬೆಂಗಳೂರಿನ ಕೋಟೆಬಾಗಿಲು ನಿಲ್ಲಲೆಂದು ಪ್ರಾಣ ಕೊಟ್ಟಳೆಂದು ಐತಿಹ್ಯ ಹೇಳುವ ಲಕ್ಷ್ಮೀದೇವಿಯೂ ಸೊಸೆಯೇ. ಇವನ್ನು ನಡೆದ ಘಟನೆಗಳೆಂದು ಓದಬೇಕಾಗಿಲ್ಲ. ಊರಿನ ಕೆಲಸಕ್ಕೆ ಗೌಡರ ಮನೆ ಪಾಲು ಕೊಡಬೇಕಾದಾಗ ಆ ಪಾಲು ಮನೆಯೊಳಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಹಾಡಿದ ಹೆಂಗಸರು ಬಲ್ಲರು. ಶಾಸನ ಬರೆಸಿದವರು ಅದನ್ನು ಹೇಳುವುದಿಲ್ಲ.

ಮೈಸೂರು ಸಂಸ್ಥಾನದ ಆಡಳಿತದಲ್ಲಿ ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಮಣ್ಣಿನ ಕೆಲಸ ಅಚ್ಚುಕಟ್ಟಿನ ರೈತರದ್ದು ಎಂಬ ಹಂಚಿಕೆ ರೂಢಿಗೆ ಬಂತು. ರೈತರು ಹಿಂದೆ ಸರಿದಂತೆ ಕಾನೂನಿನ ನೆರವು ಬೇಕಾಯಿತು. 1911ರ ಕೆರೆ ಪಂಚಾಯಿತಿ ಕಾಯಿದೆ ಬಂದದ್ದು ಹೀಗೆ. ಸ್ವಾತಂತ್ರ್ಯಾನಂತರ 1954ರ ಇನಾಂ ರದ್ಧತಿ ಶಾಸನ, 1961ರ ಗ್ರಾಮ ಹುದ್ದೆಗಳ ರದ್ಧತಿ ಶಾಸನಗಳು ಮಾನ್ಯದ ವ್ಯವಸ್ಥೆಯನ್ನು ಕೊನೆಗಾಣಿಸಿದವು. ಹುಟ್ಟಿನಿಂದ ಬಂದ ಊಳಿಗದಿಂದ ತೋಟಿ, ತಳವಾರರನ್ನು ಬಿಡಿಸಿದ ಈ ಕ್ರಮ ನ್ಯಾಯವಾದುದೇ. ಆದರೆ ಮಾನ್ಯಕ್ಕೆ ಅಂಟಿಕೊಂಡಿದ್ದ ಏರಿಯ ಹೊಣೆ ಮುಂದೆ ಯಾರದು ಎಂಬುದಕ್ಕೆ ಅಷ್ಟೇ ಗಟ್ಟಿಯಾದ ಉತ್ತರ ಸಿದ್ಧವಾಗಿರಲಿಲ್ಲ. ನೀರುಗಂಟಿಗೆ ಪ್ರತಿ ಮನೆಯೂ ಅಳೆಯುತ್ತಿದ್ದ ಕಾಳು ಕ್ರಮೇಣ ನಿಂತಿತು.

2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳ ಮೂಲಕ ಮನೆಮನೆಯ ವಂತಿಗೆಯನ್ನು ಮತ್ತೆ ತರಲು ಯತ್ನಿಸಿತು. ಅಚ್ಚುಕಟ್ಟು ಉಳಿದ ಹಳ್ಳಿಗಳಲ್ಲಿ ಅದಕ್ಕೆ ಅರ್ಥವಿತ್ತು. ಗರುಡಾಚಾರ್‌ಪಾಳ್ಯದಂತಹ ಕಡೆ ಕೆರೆಯ ಕೆಳಗೆ ಗದ್ದೆಯೇ ಇಲ್ಲ. ಏರಿಯನ್ನು ನೋಡಿಕೊಂಡ ಮನೆಗಳು ಜಮೀನು ಮಾರಿವೆ ಇಲ್ಲವೇ ಅದರ ಮೇಲೆ ಬಾಡಿಗೆಮನೆ ಕಟ್ಟಿಸಿವೆ. ಇಲ್ಲಿ ವಂತಿಗೆ ಕೊಡುವ ಹೊಸ ನಿವಾಸಿಗೆ ಕೆರೆಯಿಂದ ಬರುವುದು ಬೆಳೆಯಲ್ಲ, ಗಾಳಿ, ನಡೆದಾಡುವ ದಾರಿ, ಕೊಳವೆಬಾವಿಗೆ ಇಂಗುವ ಒಂದಿಷ್ಟು ನೀರು. ಕೆರೆಯ ಮೇಲೆ ಆತನಿಗೆ ಹಕ್ಕಿಲ್ಲ; ಮನೆ ಬದಲಿಸಿದ ದಿನ ಹೊಣೆಯೂ ಇಲ್ಲ.