ವೇಗದ ಅಯಾನು ವಾಹಕಗಳು

ಗಟ್ಟಿಯಾಗಿದ್ದುಕೊಂಡೇ ತಮ್ಮೊಳಗೆ ಅಯಾನುಗಳನ್ನು ದ್ರವದಲ್ಲಿ ಹರಿದಷ್ಟು ಸಲೀಸಾಗಿ ಹರಿಯಬಿಡುವ ಹರಳು, ಗಾಜು, ಪಿಂಗಾಣಿಗಳಿಗೆ ಈ ಹೆಸರು. ವಿಜಯಪುರ, ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಅಲ್ಲಿ ಆಮ್ಲ ಬೆರೆತ ನೀರೇ ಅಯಾನುಗಳ ದಾರಿ; ಬಿರುಬೇಸಿಗೆಯಲ್ಲಿ ಅದು ಬೇಗ ಇಂಗುತ್ತದೆ. ಆ ದಾರಿ ಘನವಸ್ತುವಿನೊಳಗೇ ಇದ್ದರೆ ತುಂಬುವ ಗೊಡವೆಯೂ ಇಲ್ಲ, ಸೋರುವ ಭಯವೂ ಇಲ್ಲ.

ಇತಿಹಾಸ 1830ರ ದಶಕದಲ್ಲಿ ಮೈಕೆಲ್ ಫ್ಯಾರಡೆಯಿಂದ ಶುರುವಾಗುತ್ತದೆ. ಬೆಳ್ಳಿಯ ಸಲ್ಫೈಡ್ ಮತ್ತು ಸೀಸದ ಫ್ಲೋರೈಡ್ ಕಾಯಿಸಿದಾಗ ವಿದ್ಯುತ್ ಹರಿಸುವುದನ್ನು ಅವರು ಕಂಡರು. 1914ರಲ್ಲಿ ಜರ್ಮನಿಯ ಟುಬಾಂಟ್ ಮತ್ತು ಲೊರೆಂಟ್ಸ್ ಬೆಳ್ಳಿಯ ಅಯೊಡೈಡನ್ನು ಪರೀಕ್ಷಿಸಿದರು. ಸುಮಾರು 147 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದರ ವಾಹಕತೆ ಸಾವಿರಾರು ಪಟ್ಟು ಜಿಗಿಯಿತು. ಇನ್ನೂ ಬೆರಗಿನ ಸಂಗತಿಯೆಂದರೆ, ಆ ಉಪ್ಪು ಕರಗಿ ದ್ರವವಾದಾಗ ವಾಹಕತೆ ಏರುವ ಬದಲು ತುಸು ಇಳಿಯಿತು.

ಕಾರಣ ಹರಳಿನ ಕಟ್ಟಡದಲ್ಲಿದೆ. ಅಯೊಡೈಡ್ ಅಯಾನುಗಳು ಗೋಡೆಗಳಂತೆ ನಿಂತಿರುತ್ತವೆ, ಬೆಳ್ಳಿಯ ಅಯಾನುಗಳಿಗೆ ಮಾತ್ರ ಖಾಯಂ ಮನೆಯಿಲ್ಲ. ಎರಡು ಬೆಳ್ಳಿ ಅಯಾನುಗಳಿಗೆ 42 ತಾಣಗಳಿವೆ ಎಂದು 1930ರ ದಶಕದಲ್ಲಿ ಸ್ಟ್ರಾಕ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದರು. ಬಹುಪಾಲು ಬಳಕೆಯಾಗುವುದು 12 ಎಂದು ಆಮೇಲೆ ತಿಳಿಯಿತು. ಆದರೂ ಓಣಿಯ ತುಂಬ ಖಾಲಿ ಮನೆಗಳೇ. ಮನೆ ಖಾಲಿಯಿದ್ದರಷ್ಟೇ ಸಾಲದು, ನಡುವಿನ ಬಾಗಿಲು ಅಯಾನು ನುಸುಳುವಷ್ಟು ಅಗಲವಿರಬೇಕು. ಈ ಕ್ಷೇತ್ರದ ಮುಂದಿನ ಕತೆಯ ಬಹುಪಾಲು ಇಂಥ ದಾರಿಗಳನ್ನು ಹುಡುಕಿದ ಕತೆಯೇ.

1967ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಯಾವೊ ಮತ್ತು ಕುಮರ್ ಬೀಟಾ-ಅಲ್ಯುಮಿನಾದಲ್ಲಿ ಸೋಡಿಯಂ ಅಯಾನುಗಳ ಓಟವನ್ನು ಅಳೆದರು. ಆದರೆ ಅಲ್ಲಿ ಓಡಾಟ ಪದರದ ಉದ್ದಗಲಕ್ಕೆ ಮಾತ್ರ, ಮೇಲೆ ಕೆಳಗೆ ದಾರಿಯಿಲ್ಲ. 1976ರಲ್ಲಿ ಹಾಂಗ್ ಮತ್ತು ಗುಡ್‌ಇನಫ್ ಎಲ್ಲ ದಿಕ್ಕಿಗೂ ದಾರಿಯಿರುವ ನ್ಯಾಸಿಕಾನ್ ಚೌಕಟ್ಟನ್ನು ಮುಂದಿಟ್ಟರು.

ಕರ್ನಾಟಕದ ಪಾಲು ಇಲ್ಲಿ ದೊಡ್ಡದು. ಅದು ಕನ್ನಡದಲ್ಲಿ ಇನ್ನಷ್ಟು ಬರೆಯಿಸಿಕೊಳ್ಳಬೇಕಾದ ಅಧ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದ್ದೂ 1976ರಲ್ಲೇ. ಅಲ್ಲಿನ ಜೆ. ಗೋಪಾಲಕೃಷ್ಣನ್ ಮತ್ತು ಕಸ್ತೂರಿ ರಂಗನ್ 1992ರಲ್ಲಿ ನ್ಯಾಸಿಕಾನ್ ಮಾದರಿಯ ಸೋಡಿಯಂ ವೆನೇಡಿಯಂ ಫಾಸ್ಫೇಟಿನಿಂದ ಸೋಡಿಯಂ ಪೂರ್ತಿ ಹೊರತೆಗೆದರು. ಬಾಡಿಗೆದಾರರೆಲ್ಲ ಹೋದರೂ ಮನೆ ಕುಸಿಯಲಿಲ್ಲ. ಲಿಥಿಯಂ-ಅಯಾನು ಬ್ಯಾಟರಿ ಮಾರುಕಟ್ಟೆಗೆ ಬಂದು ಆಗ ಒಂದೇ ವರ್ಷ. ಇಂದು ಅದೇ ಫಾಸ್ಫೇಟ್ ಸೋಡಿಯಂ ಬ್ಯಾಟರಿಯ ಧನಾಗ್ರಕ್ಕೆ ಪ್ರಮುಖ ವಸ್ತು.

ಗೋಪಾಲಕೃಷ್ಣನ್ ಅವರ ಶಿಷ್ಯ ವೆಂಕಟರಾಮನ್ ತಂಗದುರೈ ಜರ್ಮನಿಗೆ ಹೋಗಿ, ಅಲ್ಲಿನ ಸಂಶೋಧಕ ವೆಪ್ನರ್ ಜತೆ 2003ರಲ್ಲಿ ಗಾರ್ನೆಟ್ ಹರಳುಗಳಲ್ಲಿ ಲಿಥಿಯಂ ವೇಗವಾಗಿ ಸಾಗುವುದನ್ನು ತೋರಿಸಿದರು. 2007ರಲ್ಲಿ ಮುರುಗನ್ ಅವರೂ ಸೇರಿ ಜಿರ್ಕೋನಿಯಂ ಬೆರೆತ ಗಾರ್ನೆಟ್ ರೂಪಿಸಿದರು. ಘನ ಬ್ಯಾಟರಿಯ ಸಂಶೋಧನೆಯಲ್ಲಿ ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ತೊಡಕುಗಳೂ ಇವೆ. ಪಿಂಗಾಣಿ ಎಷ್ಟೇ ಗಟ್ಟಿಯಾಗಿರಲಿ, ಲಿಥಿಯಂ ಅದರೊಳಗೆ ಬೇರಿನಂತೆ ಎಳೆ ಬಿಟ್ಟು ಬ್ಯಾಟರಿಯನ್ನು ಶಾರ್ಟ್ ಮಾಡಬಲ್ಲದು. ಲಿಥಿಯಂ ಅಂಚಿನಲ್ಲಿ ಹುಟ್ಟುವ ಸಣ್ಣ ಪೊಳ್ಳುಗಳಿಗೂ ಈ ಎಳೆಗಳಿಗೂ ನಂಟಿದೆ, ಲಿಥಿಯಂ ಮತ್ತು ಪಿಂಗಾಣಿಯ ನಡುವೆ ಟಂಗ್‌ಸ್ಟನ್‌ನಂಥ ಲೋಹದ ತೆಳುಪದರವಿಟ್ಟರೆ ಅವು ತಡವಾಗುತ್ತವೆ ಎಂದು ವಿಜ್ಞಾನ ಸಂಸ್ಥೆಯ ನಾಗ ಫಣಿ ಏತುಕೂರಿ ಅವರ ತಂಡ 2022ರಲ್ಲಿ ತೋರಿಸಿತು.

2025ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ತಂಡ ಆರು ನಿಮಿಷದಲ್ಲಿ ಶೇ. 80 ಚಾರ್ಜ್ ಆಗುವ, 3000ಕ್ಕೂ ಹೆಚ್ಚು ಸುತ್ತು ಬಾಳುವ ಸೋಡಿಯಂ ಬ್ಯಾಟರಿಯನ್ನು ಪ್ರಕಟಿಸಿತು. ಅದರ ಎರಡೂ ಅಗ್ರಗಳು ನ್ಯಾಸಿಕಾನ್ ಮಾದರಿಯವು. ಋಣಾಗ್ರದ ಕಣಗಳನ್ನು ನ್ಯಾನೊ ಗಾತ್ರಕ್ಕಿಳಿಸಿ, ಇಂಗಾಲದ ತೆಳು ಹೊದಿಕೆ ಹೊದಿಸಿ, ಚೂರು ಅಲ್ಯುಮಿನಿಯಂ ಬೆರೆಸಿದ್ದರಿಂದ ಈ ವೇಗ ಬಂತು. ಅಯಾನು ಕ್ರಮಿಸುವ ದೂರವೇ ಕಡಿಮೆಯಾಯಿತಲ್ಲ.

ಸೋಡಿಯಂ ಬ್ಯಾಟರಿ ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಷ್ಟು ಶಕ್ತಿ ಹಿಡಿಯದು. ಆದರೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಪಕ್ಕ ಕೂತು ಹಗಲಿನ ಬಿಸಿಲನ್ನು ರಾತ್ರಿಗೆ ಕಾದಿಡುವ ಪೆಟ್ಟಿಗೆಯನ್ನು ಯಾರೂ ಹೊತ್ತು ತಿರುಗಬೇಕಿಲ್ಲ.