ಮುಪ್ಪಿನ ಬೆಕ್ಕಿಗೆ ಎಲ್ಲಿಯವರೆಗೆ ಚಿಕಿತ್ಸೆ? – ಶ್ರಾವಕಾಚಾರದ ಬೆಳಕಿನಲ್ಲಿ ಒಂದು ವಿಚಾರ

ಕನ್ನಡದಲ್ಲಿ ಪಶುವೈದ್ಯವನ್ನು ಕುರಿತು ಹುಟ್ಟಿದ ಗ್ರಂಥಗಳ ಮಾತು ಬಂದಾಗ ಮೊದಲು ನೆನೆಯಬೇಕಾದುದು ಕೀರ್ತಿವರ್ಮನ ‘ಗೋವೈದ್ಯ’ವನ್ನು. ಈತ ಕಲ್ಯಾಣದ ಚಾಲುಕ್ಯ ಮನೆತನದ ರಾಜಕುಮಾರ. ತ್ರೈಲೋಕ್ಯಮಲ್ಲ ಸೋಮೇಶ್ವರನ ಮಗ, ಆರನೆಯ ವಿಕ್ರಮಾದಿತ್ಯನ ಸೋದರ, ಜಿನಭಕ್ತ. ಕವಿಚರಿತೆಕಾರರು ಈತನ ಕಾಲವನ್ನು ಸುಮಾರು ಕ್ರಿ.ಶ. 1125 ಎಂದು ಇಟ್ಟಿದ್ದಾರೆ. ಗ್ರಂಥದಲ್ಲಿ ಔಷಧದ ಜೊತೆಗೆ ಮಂತ್ರತಂತ್ರಗಳೂ ಬೆರೆತಿವೆ. ಆದರೂ ಅರಮನೆಯಲ್ಲಿ ಹುಟ್ಟಿದವನೊಬ್ಬ ಕೊಟ್ಟಿಗೆಯ ಮೂಕಪ್ರಾಣಿಗಳ ಬೇನೆಯನ್ನು ಕುರಿತು ಕನ್ನಡದಲ್ಲಿ ಬರೆಯಲು ಕುಳಿತನೆಂಬುದು ಸಣ್ಣ ಸಂಗತಿಯಲ್ಲ. ನಮ್ಮ ಸಿಂದಗಿ, ಇಂಡಿಯ ಸೀಮೆ ಅಂದು ಆ ಅರಸರ ಆಳ್ವಿಕೆಗೆ ಸೇರಿತ್ತು. ಭೀಮಾತೀರದ ತದ್ದೇವಾಡಿಯೇ ಶಾಸನಗಳಲ್ಲಿ ಬರುವ ತರ್ದವಾಡಿ ಸಾಸಿರದ ಕೇಂದ್ರ. ಇಮ್ಮಡಿ ತೈಲಪ ಚಕ್ರವರ್ತಿಯಾಗುವ ಮೊದಲು ರಾಷ್ಟ್ರಕೂಟರ ಅಧೀನನಾಗಿ 965ರಲ್ಲಿ ಆಳುತ್ತಿದ್ದುದು ಈ ನಾಡನ್ನು.

ರೋಗವೆಂಬುದು ಅಸಾತಾವೇದನೀಯ ಕರ್ಮದ ಉದಯವೆಂದು ನಂಬಿದ ಜೈನರು ವೈದ್ಯಗ್ರಂಥಗಳನ್ನು ಏಕೆ ಬರೆದರು ಎಂಬ ಪ್ರಶ್ನೆ ಏಳಬಹುದು. ಕೀರ್ತಿವರ್ಮನ ನಂತರ ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ, ಮದ್ಯ, ಮಾಂಸ, ಮಧುಗಳನ್ನು ದೂರವಿಟ್ಟ ವೈದ್ಯ ಅದು. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು ಹೇಳಿದ. ಇದಕ್ಕೆಲ್ಲ ಆಧಾರ ಚತುರ್ವಿಧ ದಾನದ ಕಲ್ಪನೆ. ಆಹಾರ, ಶಾಸ್ತ್ರ, ಅಭಯಗಳ ಸಾಲಿನಲ್ಲಿಯೇ ಔಷಧವನ್ನೂ ನಮ್ಮ ಆಚಾರ್ಯರು ಇಟ್ಟರು. ಬೇನೆ ಬಂದದ್ದು ಕರ್ಮದಿಂದ ಎನ್ನುವುದು ಮದ್ದು ಕೊಡದಿರಲು ನೆಪವಾಗದು. ಹಾಗಾದರೆ ಮದ್ದು ಕೊಡುವುದಕ್ಕೆ ಕೊನೆ ಎಲ್ಲಿ? ಈ ಬರೆಹ ಅದನ್ನು ಕುರಿತದ್ದು.

ಸಿಂದಗಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಅವರ ಮನೆಯ ಬೆಕ್ಕಿಗೆ ಹದಿನಾಲ್ಕು ವರ್ಷ. ಮೂತ್ರಪಿಂಡಗಳು ಸೋತಿವೆ. ಸುಮಾರು 60 ಕಿ.ಮೀ. ದೂರದ ವಿಜಯಪುರಕ್ಕೆ ಅದನ್ನು ಪಂಜರದಲ್ಲಿಟ್ಟುಕೊಂಡು ಹೋಗಿ ಸಲಾಯಿನ್ ಹಾಕಿಸಿ ತರುತ್ತಾರೆ. ಎರಡು ದಿನ ಚೇತರಿಸಿಕೊಂಡದ್ದು ಮೂರನೆಯ ದಿನ ಮತ್ತೆ ಮೂಲೆ ಹಿಡಿಯುತ್ತದೆ. “ಸರ್, ಇನ್ನೂ ಎಷ್ಟಂತ ದವಾಖಾನಿಗೆ ಒಯ್ಯಬೇಕ್ರಿ? ಮನ್ಯಾಗ ಒಬ್ಬರು ಸೂಜಿ ಮಾಡಿಸಿಬಿಡು ಅಂತಾರ, ಒಬ್ಬರು ಅದರ ಕರ್ಮ, ಬಿಟ್ಟುಬಿಡು ಅಂತಾರ” ಎಂದರು. ಈ ಎರಡು ಸಲಹೆಗಳನ್ನೂ ನಮ್ಮ ಪರಂಪರೆಯ ಮುಂದಿಟ್ಟು ನೋಡುವುದು ಅಗತ್ಯವೆನಿಸಿತು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಮುಪ್ಪಿನ ಬೆಕ್ಕುಗಳಲ್ಲಿ ದೀರ್ಘಕಾಲದ ಮೂತ್ರಪಿಂಡರೋಗ ಸಾಮಾನ್ಯವಾದುದು. ನೀರಡಿಕೆ ಹೆಚ್ಚುತ್ತದೆ, ಮೂತ್ರ ಹೆಚ್ಚುತ್ತದೆ, ಮೈ ಇಳಿಯುತ್ತದೆ, ಹಸಿವು ಕುಗ್ಗುತ್ತದೆ. ರಕ್ತಪರೀಕ್ಷೆ ಹಾಗೂ ಮೂತ್ರಪರೀಕ್ಷೆಯಿಂದ ವೈದ್ಯರು ರೋಗವನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ. ನಾಶವಾದ ಭಾಗ ಮರಳಿ ಬೆಳೆಯುವುದಿಲ್ಲ. ಆದರೆ ಮೊದಲ ಹಂತಗಳಲ್ಲಿ ತಕ್ಕ ಆಹಾರ, ನೀರು, ಓಕರಿಕೆ ತಡೆಯುವ ಔಷಧಗಳಿಂದ ಬೆಕ್ಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಮ್ಮದಿಯಿಂದ ಇರಬಲ್ಲದು. ಕೊನೆಯ ಹಂತದಲ್ಲಿ ಅದೇ ಚಿಕಿತ್ಸೆ ಕೆಲವು ದಿನಗಳನ್ನಷ್ಟೇ ಕೂಡಿಸುತ್ತದೆ. ಆದ್ದರಿಂದ ‘ಬೆಕ್ಕಿಗೆ ವಯಸ್ಸಾಗಿದೆ’ ಎಂಬುದು ಉತ್ತರವಲ್ಲ. ರೋಗ ಯಾವ ಹಂತದಲ್ಲಿದೆ ಎಂಬುದನ್ನು ವೈದ್ಯರಿಂದ ತಿಳಿಯುವುದೇ ಮೊದಲ ಕರ್ತವ್ಯ.

ಬೆಕ್ಕನ್ನು ಸಾಕುವ ವಿಷಯದಲ್ಲಿ ನಮ್ಮ ಶಾಸ್ತ್ರಕಾರರಿಗೆ ಸಂಕೋಚವಿತ್ತೆಂಬುದನ್ನು ಇಲ್ಲಿ ಮುಚ್ಚಿಡಬಾರದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಹಣಕ್ಕಾಗಿ ಬೆಕ್ಕು, ನಾಯಿ, ಗಿಳಿ ಮೊದಲಾದವನ್ನು ಸಾಕುವುದನ್ನು ಶ್ರಾವಕನಿಗೆ ಸಲ್ಲದ ವೃತ್ತಿಗಳಲ್ಲಿ ಎಣಿಸಿದ್ದಾರೆ. ಇಲಿ ಹಿಡಿಯುವ ಪ್ರಾಣಿಯ ಮೇಲೆ ಇಷ್ಟು ಕರುಣೆಯೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಇದಕ್ಕೆ ಉತ್ತರ ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿದೆ. ಅನೇಕ ಜೀವಗಳನ್ನು ತಿನ್ನುವ ಹಿಂಸ್ರಪ್ರಾಣಿಯನ್ನು ಕೊಂದರೆ ಬಹುಜೀವಗಳ ರಕ್ಷಣೆಯಾಗುತ್ತದೆ ಎಂಬ ವಾದವನ್ನು ಅವರು ನೇರವಾಗಿ ತಳ್ಳಿಹಾಕುತ್ತಾರೆ. ಅದರ ಬೆನ್ನಿಗೇ ಇನ್ನೊಂದು ವಾದವನ್ನು ಎತ್ತಿಕೊಳ್ಳುತ್ತಾರೆ: ಬಹುದುಃಖದಲ್ಲಿರುವ ಜೀವವನ್ನು ಕೊಂದರೆ ಅದಕ್ಕೆ ಬೇಗನೆ ಬಿಡುಗಡೆಯಾಗುತ್ತದಲ್ಲವೇ? ಆ ಬಗೆಯ ತರ್ಕವನ್ನು ಅವರು ಒಂದು ಕತ್ತಿಗೆ ಹೋಲಿಸಿ, ಅದನ್ನು ಕೈಗೆತ್ತಿಕೊಂಡು ದುಃಖಿಗಳನ್ನು ಕೊಲ್ಲಬಾರದೆಂದು ವಿಧಿಸುತ್ತಾರೆ. ದಯಾಮರಣದ ಚರ್ಚೆ ಆಧುನಿಕರದೆಂದು ತಿಳಿದಿರುವವರಿಗೆ ಸಾವಿರ ವರ್ಷದ ಹಿಂದಿನ ಈ ನಿಲುವು ಆಶ್ಚರ್ಯ ತಂದೀತು.

ಈ ನಿಲುವಿಗೆ ಇಪ್ಪತ್ತನೆಯ ಶತಮಾನದಲ್ಲಿ ಎದುರಾದ ದೊಡ್ಡ ಸವಾಲು ಗಾಂಧೀಜಿಯವರದು. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಅಸಾಧ್ಯ ನೋವಿನಿಂದ ನರಳುತ್ತಿತ್ತು. ಮಗ್ಗುಲು ಬದಲಿಸಲೂ ಅದಕ್ಕೆ ಆಗುತ್ತಿರಲಿಲ್ಲ. ವೈದ್ಯರು ಕೈಚೆಲ್ಲಿದ್ದರು. ಆಶ್ರಮವಾಸಿಗಳೊಡನೆ ಚರ್ಚಿಸಿದ ಮೇಲೆ ಗಾಂಧೀಜಿ ವೈದ್ಯರಿಂದ ವಿಷದ ಸೂಜಿ ಕೊಡಿಸಿದರು; ಎರಡು ನಿಮಿಷದೊಳಗೆ ಕರುವಿನ ಪ್ರಾಣ ಹೋಯಿತು. ಅದನ್ನು ಅವರು ಬಚ್ಚಿಡಲಿಲ್ಲ, ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ತಾವೇ ಬರೆದರು. ಜೈನರಿಂದ ತೀವ್ರ ಪ್ರತಿಭಟನೆ ಬಂತು. ಕರುವಿನ ಒಪ್ಪಿಗೆಯನ್ನು ಯಾರು ಪಡೆದರು, ಅದರ ಆಯುಷ್ಯವನ್ನು ಮೊಟಕುಗೊಳಿಸುವ ಅಧಿಕಾರ ಯಾರದು ಎಂಬುದು ಇಂಥ ಆಕ್ಷೇಪದ ಸಾರ.

ಆ ವಿವಾದದ ನಡುವೆ ಗಾಂಧೀಜಿ ಬರೆದ ನಾಲ್ಕು ನಿಬಂಧನೆಗಳನ್ನು ನಾವು ಅಷ್ಟಾಗಿ ಓದಿಲ್ಲ. ರೋಗ ವಾಸಿಯಾಗದಂಥದ್ದಾಗಿರಬೇಕು, ಸಂಬಂಧಪಟ್ಟವರೆಲ್ಲರೂ ಬದುಕಿನ ಆಸೆ ಬಿಟ್ಟಿರಬೇಕು, ಯಾವ ನೆರವೂ ಸೇವೆಯೂ ಸಾಧ್ಯವಿಲ್ಲದ ಸ್ಥಿತಿ ಬಂದಿರಬೇಕು, ರೋಗಿ ತನ್ನ ಇಚ್ಛೆಯನ್ನು ತಿಳಿಸಲಾರದಂತಿರಬೇಕು. ಈ ನಾಲ್ಕರಲ್ಲಿ ಒಂದು ಕೂಡದಿದ್ದರೂ ಪ್ರಾಣ ತೆಗೆಯುವುದು ಅಹಿಂಸೆಯ ದೃಷ್ಟಿಯಿಂದ ಸಮರ್ಥನೀಯವಲ್ಲವೆಂದು ಅವರೇ ಹೇಳಿದರು. ನನ್ನ ಮಟ್ಟಿಗೆ ಮೂರನೆಯ ನಿಬಂಧನೆ ಬಹುಮುಖ್ಯ. ಮನೆಯ ಮೂಲೆಯಲ್ಲಿ ಮಲಗಿದ ಬೆಕ್ಕಿಗೆ ನೀರು ಕುಡಿಸಲು, ಮೈ ಒರೆಸಲು, ನೋವು ತಗ್ಗಿಸಲು ಸಾಧ್ಯವಿರುವವರೆಗೆ ಗಾಂಧೀಜಿಯ ಬಾಗಿಲೂ ಮುಚ್ಚಿಯೇ ಇದೆ. ಅಮೃತಚಂದ್ರರ ನಿಷೇಧಕ್ಕೂ ಗಾಂಧೀಜಿಯ ಅನುಮತಿಗೂ ನಡುವಣ ಅಂತರ ಮೇಲ್ನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ಇಬ್ಬರೂ ಮೊದಲು ಕೇಳುವುದು ಸೇವೆಯನ್ನು.

ಈಗ ಎರಡನೆಯ ಸಲಹೆ: ಅದರ ಕರ್ಮ, ಬಿಟ್ಟುಬಿಡು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮನ್ನು ಓದಿದವರಿಗೆ ಈ ಐದೂ ಅಲ್ಲಿ ಎದುರಾಗುತ್ತವೆ. ಉಣಿಸದೆ, ಕುಡಿಸದೆ ‘ಬಿಟ್ಟುಬಿಡುವುದು’ ಅನ್ನಪಾನನಿರೋಧವೇ ಸರಿ. ಅದಕ್ಕೆ ವೈರಾಗ್ಯದ ಹೆಸರು ಕೊಟ್ಟರೂ ದೋಷ ಹೋಗದು. ಬೆಕ್ಕಿನ ವಿಷಯದಲ್ಲಂತೂ ಕೆಲವು ದಿನ ಹೊಟ್ಟೆಗಿಲ್ಲದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ರೋಗವೇ ಹುಟ್ಟುತ್ತದೆಂದು ಪಶುವೈದ್ಯರು ಹೇಳುತ್ತಾರೆ.

ಆದರೆ ಇದೇ ಸೂತ್ರ ಇನ್ನೊಂದು ದಿಕ್ಕಿಗೂ ಅನ್ವಯಿಸುತ್ತದೆ. ಗುಣಪಡಿಸುವ ಉದ್ದೇಶದಿಂದ ಕಟ್ಟುವುದು, ಕತ್ತರಿಸುವುದು ಹಿಂಸೆಯಲ್ಲ. ಭಾವವೇ ಅಲ್ಲಿ ಪ್ರಧಾನ. ಗುಣವಾಗುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ ಮೇಲೂ, ನಮ್ಮ ಅಗಲಿಕೆಯ ಭಯಕ್ಕಾಗಿ ಪ್ರಾಣಿಯನ್ನು ಪಂಜರಕ್ಕೆ ತುರುಕಿ, ಬಸ್ಸಿನ ಸದ್ದಿನಲ್ಲಿ ನಡುಗಿಸಿ, ಕಾಲು ಹಿಡಿದು ಸೂಜಿ ಚುಚ್ಚಿಸುತ್ತ ಹೋದರೆ ಆ ಭಾವ ಯಾರ ಹಿತದ್ದು? ಚಿಕಿತ್ಸೆಯ ಭಾರ ಪ್ರಾಣಿಯ ಮೇಲೆ, ಸಮಾಧಾನ ನಮಗೆ. ಅದು ಅತಿಭಾರಾರೋಪಣವೆಂದೇ ನನ್ನ ಅಭಿಪ್ರಾಯ.

ಇಲ್ಲಿ ಕೆಲವರು ಸಲ್ಲೇಖನೆಯನ್ನು ತರುತ್ತಾರೆ: ‘ಬೆಕ್ಕು ತಾನಾಗಿ ಆಹಾರ ಬಿಟ್ಟಿದೆ, ಸಲ್ಲೇಖನೆ ತೆಗೆದುಕೊಂಡಿದೆ.’ ಈ ಮಾತು ಸರಿಯಲ್ಲ. ಸಮಂತಭದ್ರರು ‘ರತ್ನಕರಂಡಕ’ದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ನಿಷ್ಪ್ರತೀಕಾರವಾದಾಗ, ಅಂದರೆ ಪರಿಹಾರವೇ ಇಲ್ಲವೆಂದಾದಾಗ, ಧರ್ಮಕ್ಕಾಗಿ ದೇಹತ್ಯಾಗವನ್ನು ಹೇಳಿದರು. ಅದು ಅರಿತು ಕೈಗೊಳ್ಳುವ ವ್ರತ. ಮೂತ್ರಪಿಂಡ ಸೋತ ಬೆಕ್ಕು ಉಣ್ಣದಿರುವುದು ಓಕರಿಕೆಯಿಂದ. ಮಹಾವೀರಸ್ವಾಮಿಯ ಪೂರ್ವಭವದ ಸಿಂಹ ಚಾರಣಮುನಿಗಳ ಉಪದೇಶ ಕೇಳಿ ವ್ರತ ತಳೆದು ಆಹಾರ ತ್ಯಜಿಸಿದ ಕಥೆ ನಮ್ಮ ಪುರಾಣಗಳಲ್ಲಿದೆ. ತಿರ್ಯಂಚರಿಗೂ ವ್ರತದ ಯೋಗ್ಯತೆಯುಂಟೆಂದು ಅದು ಸಾರುತ್ತದೆ. ಆದರೆ ಅಲ್ಲಿ ಬಿಟ್ಟದ್ದು ಸಿಂಹ. ಯಾರೂ ಅದರ ಪರವಾಗಿ ನಿರ್ಧರಿಸಲಿಲ್ಲ. ಸಲ್ಲೇಖನೆಯಿಂದ ನಾವು ಇಲ್ಲಿಗೆ ಎರವಲು ತರಬಹುದಾದುದು ‘ನಿಷ್ಪ್ರತೀಕಾರ’ ಎಂಬ ಒಂದು ಪದವನ್ನು ಮಾತ್ರ. ರೋಗ ಆ ಘಟ್ಟ ಮುಟ್ಟಿತೇ ಎಂದು ಕೇಳಿ, ಮುಟ್ಟಿದ್ದರೆ ಗುಣಪಡಿಸುವ ಪ್ರಯತ್ನವನ್ನು ನಿಲ್ಲಿಸಬಹುದು. ಶುಶ್ರೂಷೆಯನ್ನು ನಿಲ್ಲಿಸುವಂತಿಲ್ಲ.

ಆ ಶುಶ್ರೂಷೆಯ ಮಾದರಿಗಳು ನಮ್ಮಲ್ಲಿಯೇ ಇವೆ. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ದರ್ಶನ ಪಡೆದವರು ಆ ಹೆಡೆಗಳ ಹಿಂದಿನ ಕಥೆಯನ್ನು ಬಲ್ಲರು. ಉರಿಯುವ ಕೊರಡಿನಲ್ಲಿ ಬೆಂದು ಸಾಯುತ್ತಿದ್ದ ನಾಗಗಳ ಬಳಿ ನಿಂತು ರಾಜಕುಮಾರ ಪಾರ್ಶ್ವ ಪಂಚನಮಸ್ಕಾರವನ್ನು ಕೇಳಿಸಿದ. ಅವು ಧರಣೇಂದ್ರ, ಪದ್ಮಾವತಿಯರಾದವು. 1424ರಲ್ಲಿ ಭಾಸ್ಕರ ಕವಿ ಕನ್ನಡಿಸಿದ ‘ಜೀವಂಧರ ಚರಿತೆ’ಯ ನಾಯಕನೂ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಗೆ ಅದೇ ಮಂತ್ರವನ್ನು ಹೇಳಿದವನು. ಎರಡೂ ಕಡೆ ಜೀವ ಉಳಿಯಲಿಲ್ಲ. ಆರ್ತಧ್ಯಾನದಲ್ಲಿ ಸಾಯಬಹುದಾಗಿದ್ದ ಪ್ರಾಣಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತನು. ಆ ಪುರಾಣಗಳು ಮೆಚ್ಚಿದ್ದು ಅದನ್ನು.

ಆದ್ದರಿಂದ ನಾನು ಆ ವಿದ್ಯಾರ್ಥಿಗೆ ಹೇಳಿದ್ದು ಇಷ್ಟು. ರೋಗದ ಹಂತವನ್ನು ವೈದ್ಯರಿಂದ ಬಿಚ್ಚಿ ಕೇಳಿ. ಇಳಿಯುವ ದಾರಿಯಿದ್ದರೆ ಖರ್ಚಿಗೂ ದೂರಕ್ಕೂ ಹಿಂಜರಿಯಬೇಡಿ. ಇಲ್ಲವಾದರೆ ವಿಜಯಪುರದ ಓಡಾಟ ಸಾಕು. ಚರ್ಮದಡಿ ದ್ರವ ಕೊಡುವುದನ್ನು ಮನೆಯಲ್ಲಿಯೇ ಮಾಡಲು ಕಲಿಸುತ್ತಾರೆಯೇ ಎಂದು ವಿಚಾರಿಸಿ. ಓಕರಿಕೆಗೂ ನೋವಿಗೂ ಔಷಧ ಬರೆಸಿಕೊಳ್ಳಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಎಂದೂ ಬೇಡ. ಬೆಕ್ಕಿಗೆ ಅದು ವಿಷ. ನೀರು, ಮೆತ್ತನೆಯ ಹಾಸಿಗೆ, ಬೆಚ್ಚಗಿನ ಜಾಗ ಅದರ ಕೈಗೆಟಕುವಲ್ಲಿ ಇರಲಿ.

ಸೂಜಿ ಬೇಡವೆನ್ನುವ ನಮ್ಮ ನಿಲುವಿಗೆ ಒಂದು ಬೆಲೆಯಿದೆ. ರಾತ್ರಿ ಎದ್ದು ನೋಡುವುದು, ಹೊಲಸು ತೊಳೆಯುವುದು, ನೋವು ಹೆಚ್ಚಿದೆಯೇ ಎಂದು ದಿನಕ್ಕೆ ನಾಲ್ಕು ಸಲ ಗಮನಿಸುವುದು ಆ ಬೆಲೆ. ಅದನ್ನು ತೆರಲಾರದವನು ಅಮೃತಚಂದ್ರರ ಹೆಸರು ಹೇಳಿ ಸಾಬರಮತಿಯ ಸೂಜಿಯನ್ನು ನಿಂದಿಸುವ ಅಧಿಕಾರ ಪಡೆದಿಲ್ಲ. ಕೊಲ್ಲೆನೆಂಬ ವ್ರತ ಹಿಡಿದವನ ಮೇಲೆ ನರಳಲು ಬಿಡೆನೆಂಬ ಹೊಣೆಯೂ ಕೂಡಿಯೇ ಬರುತ್ತದೆ.